ಮಗ್ಗದ ಸ್ಪ್ರಿಂಗಿನ ಗಾಡಿ

ಪಶು ಆಸ್ಪತ್ರೆಯ ಸಹಾಯಕ ತನ್ನ ಮೋಟಾರ್ ಸೈಕಲ್ ಗಾಡಿಯನ್ನು ತಳ್ಳಿಕೊಂಡು ಜಮಖಂಡಿಯ ನನ್ನ ರಿಪೇರಿ ಶೆಡ್ಡಿಗೆ ಬಂದಾಗ, ಅದರ ಕ್ಯಾರಿಯರಿಗೆ ಹಗ್ಗದಿಂದ ಬಿಗಿದಿದ್ದ ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡಬ್ಬಿಯಲ್ಲಿ ಮಂಜುಗಡ್ಡೆಯ ನಡುವೆ ಕುರಿಗಳಿಗೆ ಹಾಕುವ ಲಸಿಕೆ ಇತ್ತು. ಅವನು ಗಾಡಿಯನ್ನು ನನ್ನ ಗೋಡೆಗೆ ಒರಗಿಸಿ, ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಓಡಿ, ಅದನ್ನು ಆಸ್ಪತ್ರೆಯ ಫ್ರಿಜ್ಜಿಗೆ ಸೇರಿಸಿ ಬಂದ ಮೇಲೆಯೇ ಮಾತಿಗೆ ನಿಂತ.

"ಕಾಕಾ, ಇದರದೊಂದು ಕಡೀ ಮಾತು ಹೇಳಿಬಿಡ್ರಿ. ಆಗತೈತೋ ಇಲ್ಲೋ? ಇಲ್ಲಂದ್ರ ಗುಜರಿಗೆ ಹಾಕತೇನಿ."

"ಏನಾಗತೈತಿ, ಮೊದಲ ಅದನ್ನ ಹೇಳು."

"ಒದಿತೈತ್ರಿ. ನಾ ಅದಕ್ಕ ಒಂದು ಒದ್ದರ, ಅದು ನನಗ ತಿರುಗಿ ಒಂದು ಒದಿತೈತಿ. ಮೊಣಕಾಲು ನೋಡ್ರಿ, ಬದನಿಕಾಯಿ ಆಗೇತಿ." ಪ್ಯಾಂಟನ್ನು ಮಡಚಿ ತೋರಿಸಿದ. ಅವನು ಹೇಳಿದ್ದು ಉತ್ಪ್ರೇಕ್ಷೆಯಾಗಿರಲಿಲ್ಲ. "ಹಿನ್ನೀರಾಗ ಮುಳುಗಿದ ಗಾಡಿರಿ ಇದು. ಬೀಳಗಿ ಕಡೆ ನಮ್ಮ ಮಾವನ ಊರು ಮುಳುಗಿದಾಗ ಇದೂ ಮುಳುಗಿತ್ತಂತ. ಅದಕ್ಕ ಹಿಂಗ ಆಗೇತಿ."

ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಏನು ಕೆಟ್ಟರೂ ಅದನ್ನು ನೀರಿನ ಲೆಕ್ಕಕ್ಕೆ ಬರೆಯುವ ರೂಢಿ ಬೆಳೆದಿತ್ತು. ಪಂಪು ಸುಟ್ಟರೆ ಹಿನ್ನೀರು, ಗೋಡೆ ಬಿರಿದರೆ ಹಿನ್ನೀರು, ಸೊಂಟ ಹಿಡಿದರೂ ಹಿನ್ನೀರಿನ ತಂಪು. ನೀರು ಮಾಡಿದ ಹಾನಿ ನಿಜವಾದದ್ದು, ದೊಡ್ಡದು. ಆದರೆ ಅದು ಮಾಡದ ಹಾನಿಯನ್ನೂ ಅದರ ತಲೆಗೆ ಕಟ್ಟಿದರೆ ರಿಪೇರಿ ಎಂಬ ಕೆಲಸವೇ ಉಳಿಯುವುದಿಲ್ಲ. ನಾನು ಅವನ ಕಥೆಯನ್ನು ಕೇಳಿಸಿಕೊಂಡೆ, ಒಪ್ಪಿಕೊಳ್ಳಲಿಲ್ಲ.

ಅವನ ಅವಸರಕ್ಕೆ ಕಾರಣವಿತ್ತು. ಹುನ್ನೂರಿನ ಬೀರೇಶ್ವರನ ಒಕ್ಕಲಿನ ಕುರಿಗಾರ ಮನೆತನ ಅವನದು. ಇವನೊಬ್ಬ ಸರ್ಕಾರಿ ನೌಕರಿಗೆ ಸೇರಿದ್ದ, ಅಣ್ಣ ಕುರಿಯ ಹಿಂದೆಯೇ ಉಳಿದಿದ್ದ. ಆ ಬೇಸಿಗೆಯ ಕೊನೆಗೆ ಅಣ್ಣನ ಹಿಂಡೂ ಜೊತೆಯ ಇನ್ನೆರಡು ಹಿಂಡುಗಳೂ ಕೃಷ್ಣೆಯ ಆಚೆ ದಂಡೆಯಲ್ಲಿ, ಬಸ್ಸು ತಲುಪದ ಎರೆಹೊಲಗಳಲ್ಲಿ, ಗೊಬ್ಬರಕ್ಕಾಗಿ ನಿಂತಿದ್ದವು. ಮುಂಗಾರಿನ ಮೊದಲ ಮಳೆಗೆ ಚಿಗುರುವ ಎಳೆ ಹುಲ್ಲನ್ನು ಹಸಿದ ಕುರಿ ಹೊಟ್ಟೆ ಬಿರಿಯುವಂತೆ ಮೇಯುತ್ತದೆ, ಕರುಳುಬೇನೆ ಹಿಡಿದು ಬೆಳಗಾಗುವುದರೊಳಗೆ ಬೀಳುತ್ತದೆ. ಲಸಿಕೆ ಮಳೆಗಿಂತ ಮೊದಲು ಹೋಗಬೇಕು. ಮೈ ಅದನ್ನು ಹಿಡಿದುಕೊಳ್ಳುವುದಕ್ಕೂ ಕೆಲವು ದಿನಗಳು ಬೇಕು. ಹೋದ ವರ್ಷ ತಡವಾಗಿ, ಅಣ್ಣ ತನ್ನ ಹಿಂಡಿನ ಬಹುಪಾಲನ್ನು ಹುಗಿದಿದ್ದ. ಆ ಹೊಲಗಳ ದಾರಿಯಲ್ಲಿ ಡಬ್ಬಿ ಹೊತ್ತು ಹೋಗುವಷ್ಟು ಗಟ್ಟಿಯಾದ ವಾಹನ ಅವನ ಕೈಯಲ್ಲಿದ್ದದ್ದು ಇದೊಂದೇ: ಮುನ್ನೂರೈವತ್ತು ಸಿ.ಸಿ.ಯ, ಒಂದೇ ಸಿಲಿಂಡರಿನ ಹಳೆಯ ಗಾಡಿ.

ಪೆಟ್ರೋಲು, ಪ್ಲಗ್ಗು, ಕಾಯಿಲು, ಕಂಡೆನ್ಸರು ಎಲ್ಲವನ್ನೂ ಒಂದೊಂದಾಗಿ ನೋಡಿದೆ, ದೋಷವಿರಲಿಲ್ಲ. ಕರೆಂಟು ಕಡಿದು ಕಿಡಿ ಹಾರಿಸುವ ಪಾಯಿಂಟುಗಳ ಮುಖಗಳು ಸುಟ್ಟಿದ್ದವು, ಉಜ್ಜಿ ಸಮ ಮಾಡಿ ಅಂತರ ಕೂರಿಸಿದೆ. ಉಳಿದದ್ದು ಟೈಮಿಂಗು, ಅಂದರೆ ಕಿಡಿ ಹಾರುವ ಹೊತ್ತು. ಪಿಸ್ಟನ್ನು ಮೇಲೇರಿ ತುದಿ ಮುಟ್ಟುವುದಕ್ಕೆ ತುಸು ಮೊದಲು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ತೀರ ಮೊದಲೇ ಹಾರಿದರೆ, ಇನ್ನೂ ಮೇಲೇರುತ್ತಿರುವ ಪಿಸ್ಟನ್ನನ್ನು ಬೆಂಕಿ ಹಿಂದಕ್ಕೆ ತಳ್ಳುತ್ತದೆ. ಆ ಪೆಟ್ಟು ಕಿಕ್ಕಿನ ಮೂಲಕ ಮೊಣಕಾಲಿಗೆ ಬರುತ್ತದೆ. ತಡವಾಗಿ ಹಾರಿದರೆ ಗಾಡಿ ಸಲೀಸಾಗಿ ಸ್ಟಾರ್ಟಾಗುತ್ತದೆ, ಆದರೆ ಬೆಂಕಿಯ ಬಲವೆಲ್ಲ ಸೈಲೆನ್ಸರಿಗೆ ಹೋಗುತ್ತದೆ.

ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಸೈಕಲ್ಲಿನ ಕಡ್ಡಿಯೊಂದನ್ನು ಇಳಿಬಿಟ್ಟು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಮೆಲ್ಲಗೆ ತಿರುಗಿಸುತ್ತ ಪಿಸ್ಟನ್ನಿನ ತುದಿ ಹಿಡಿದೆ. ಪಾಯಿಂಟಿಗೆ ಪುಟ್ಟ ಬಲ್ಬೊಂದನ್ನು ಜೋಡಿಸಿದೆ. ಪಾಯಿಂಟು ತೆರೆದ ಕ್ಷಣದಲ್ಲಿ ಅದು ಹೊತ್ತುತ್ತದೆ. ತುದಿಗೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ ಇರುವಾಗ ಹೊತ್ತಬೇಕೆಂದು ಪುಸ್ತಕ ಹೇಳುತ್ತದೆ. ಈ ಗಾಡಿಯಲ್ಲಿ ಅದಕ್ಕೂ ಬಹಳ ಮೊದಲೇ ಹೊತ್ತುತ್ತಿತ್ತು. ಯಾರೋ ಬೇಕೆಂದೇ ಮುಂದಕ್ಕೆ, ಅಂದರೆ ಕಿಡಿ ಬೇಗ ಹಾರುವಂತೆ, ತಿರುಗಿಸಿದ್ದರು. ಪುಸ್ತಕದ ಅಳತೆಗೆ ತಂದು ಬಿಗಿದೆ. ಒಂದೇ ಕಿಕ್ಕಿಗೆ, ಬೆಕ್ಕು ಮೈಮುರಿದು ಏಳುವಷ್ಟು ಮೃದುವಾಗಿ, ಸ್ಟಾರ್ಟಾಯಿತು.

"ಕಾಕಾ, ನಿಮ್ಮ ಕೈ ಅಲ್ಲರಿ ಇದು, ದೇವರ ಕೈ," ಎಂದು ಅವನು ಹೊರಟ.

ದೇವರ ಕೈ ಮರುದಿನ ಮಧ್ಯಾಹ್ನದವರೆಗೂ ಬಾಳಲಿಲ್ಲ. ಚಿಕ್ಕಪಡಸಲಗಿಯ ಬ್ಯಾರೇಜಿನವರೆಗೆ ಸರಿಯಾಗಿಯೇ ಹೋದ ಗಾಡಿ, ನದಿ ದಾಟಿ ಆಚೆ ದಂಡೆಯ ಏರಿಗೆ ಬಂದಾಗ ಉಸಿರುಗಟ್ಟಿ ನಿಂತಿತು. ಎಕ್ಸಿಲರೇಟರು ಪೂರ್ತಿ ತಿರುವಿದರೂ ಎಳೆಯಲಿಲ್ಲ. ಸೈಲೆನ್ಸರಿನ ಕೊಳವೆ ಎಂಜಿನ್ನಿನ ಬಳಿ ಕಾದು ನವಿಲಿನ ಕೊರಳಿನಂತೆ ನೀಲಿಯಾಯಿತು. ಕಬ್ಬಿನ ಟ್ರ್ಯಾಕ್ಟರೊಂದರ ಮೇಲೆ ಗಾಡಿಯನ್ನೂ ಡಬ್ಬಿಯನ್ನೂ ಹೇರಿಕೊಂಡು ಅವನು ಮರಳಿದ. ಆ ಸಲದ ಲಸಿಕೆ ಬಿಸಿಲಿಗೆ ಕೆಟ್ಟಿತ್ತು. ಇನ್ನೊಂದು ಸಲ ಹೀಗಾದರೆ ಉಳಿದದ್ದನ್ನು ಬೇರೆ ತಾಲೂಕಿಗೆ ಕಳಿಸುವುದಾಗಿ ವೈದ್ಯರು ಹೇಳಿದರಂತೆ. ಅವರದೂ ತಪ್ಪಲ್ಲ; ಎಲ್ಲ ಕಡೆ ಕುರಿಗಳಿವೆ.

ಕಿಡಿಯನ್ನು ಮತ್ತೆ ತುಸು ಮುಂದಕ್ಕೆ ತಂದು ನೋಡಿದೆ. ಗಾಡಿ ಎಳೆಯತೊಡಗಿತು, ಜೊತೆಗೆ ಒದೆಯತೊಡಗಿತು. ಹಿಂದಕ್ಕೆ ತಂದೆ, ಒದೆಯುವುದು ನಿಂತಿತು, ಎಳೆಯುವುದೂ ನಿಂತಿತು. ನಡುವೆ ಎಲ್ಲಿ ನಿಲ್ಲಿಸಿದರೂ ಎರಡು ರೋಗಗಳೂ ಅರ್ಧರ್ಧ ಉಳಿಯುತ್ತಿದ್ದವು. ಹಿಂದಿನ ಮೆಕ್ಯಾನಿಕ್ಕುಗಳೆಲ್ಲ ಈ ಎರಡು ತುದಿಗಳ ನಡುವೆಯೇ ಓಡಾಡಿ ಕೈಚೆಲ್ಲಿದ್ದರೆಂಬುದು ಆಗ ಹೊಳೆಯಿತು. ಪುಸ್ತಕದ ಅಂಕಿ ತಪ್ಪಿರಲಿಲ್ಲ. ಆದರೆ ಅದು ಕಿಕ್ ಹೊಡೆಯುವ ಹೊತ್ತಿನ ಅಂಕಿ. ಏರು ಹತ್ತುವ ಹೊತ್ತಿನಲ್ಲಿ ಕಿಡಿ ಎಲ್ಲಿ ಹಾರುತ್ತಿದೆ ಎಂಬುದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈ ಜಾತಿಯ ಎಂಜಿನ್ನಿನಲ್ಲಿ ಪಾಯಿಂಟಿನ ತಟ್ಟೆಯ ಅಡಿಯಲ್ಲಿ ಎರಡು ಪುಟ್ಟ ತೂಕಗಳಿರುತ್ತವೆ. ವೇಗ ಏರಿದಂತೆ ಅವು ಹೊರಕ್ಕೆ ಚಾಚಿ ಕಿಡಿಯನ್ನು ತಾವಾಗಿಯೇ ಮುಂದಕ್ಕೆ ತರುತ್ತವೆ. ವೇಗ ಇಳಿದಾಗ ಎರಡು ಸ್ಪ್ರಿಂಗುಗಳು ಅವನ್ನು ಒಳಕ್ಕೆಳೆಯುತ್ತವೆ. ತಟ್ಟೆಯನ್ನು ಬಿಚ್ಚದೆಯೇ ಟೈಮಿಂಗು ಹೊಂದಿಸಬಹುದಾದ್ದರಿಂದ ಅದರ ಅಡಿಯನ್ನು ಯಾರೂ ನೋಡುವುದಿಲ್ಲ. ಪಾಯಿಂಟನ್ನು ಒತ್ತುವ ನಡುವಿನ ದಂಡವನ್ನು ಬೆರಳಿನಿಂದ ಹಿಡಿದು ತಿರುವಿ ನೋಡಿದೆ. ಅದು ಸುಲಭವಾಗಿ ತಿರುಗಿ, ಬಿಟ್ಟೊಡನೆ ಹಿಂದಕ್ಕೆ ಬರಬೇಕು. ಇದು ಅಲುಗಲೇ ಇಲ್ಲ. ನನ್ನ ಬೆರಳಿನ ಮೇಲೆಯೇ ಸಂಶಯ ಬಂದು, ಊರಿನ ಮುಖ್ಯೋಪಾಧ್ಯಾಯರೊಬ್ಬರ ಇದೇ ತೆರನ ಗಾಡಿಯನ್ನು ಕೇಳಿ ತಂದು ತಿರುವಿ ನೋಡಿದೆ, ಹೂವಿನಂತೆ ತಿರುಗಿತು. ಆ ಗಾಡಿಯ ತೂಕಗಳ ನಡುವೆ ಮರದ ಚಕ್ಕೆಯೊಂದನ್ನು ಸಿಕ್ಕಿಸಿ, ಅವನ್ನು ಪೂರ್ತಿ ಚಾಚಿದ ಸ್ಥಿತಿಯಲ್ಲಿ ನಿಲ್ಲಿಸಿ, ಕಿಡಿ ಎಲ್ಲಿ ಹಾರುತ್ತದೆಂದು ಅದೇ ಸೈಕಲ್ ಕಡ್ಡಿಯ ಮೇಲೆ ಗೆರೆ ಎಳೆದುಕೊಂಡೆ. ಪ್ಲಗ್ಗಿನ ತೂತು ಓರೆಯಾಗಿರುವುದರಿಂದ ಕಡ್ಡಿಯ ಅಳತೆ ಪೂರ್ತಿ ನಿಜವಲ್ಲ. ಆದರೆ ಎರಡೂ ಗಾಡಿಗಳಲ್ಲಿ ಓರೆ ಒಂದೇ ತೆರನಾಗಿದ್ದುದರಿಂದ ಹೋಲಿಕೆಗೆ ಮೋಸವಿರಲಿಲ್ಲ.

"ಒಳಗ ತುಕ್ಕು ಹಿಡಿದಿರತೈತ್ರಿ ಕಾಕಾ. ನೀರಾಗ ಮುಳುಗಿದ್ದಲ್ಲ?" ಎಂದ ಸಹಾಯಕ.

"ಬಿಚ್ಚಿ ನೋಡೂನು. ನೀರು ಬಂದಿದ್ದರ ಗುರುತು ಬಿಟ್ಟು ಹೋಗಿರತೈತಿ."

ತಟ್ಟೆ ಬಿಚ್ಚಿದೆ. ತುಕ್ಕಿರಲಿಲ್ಲ, ರಾಡಿಯಿರಲಿಲ್ಲ, ಹಳೆಯ ಗ್ರೀಸು ಜೇನಿನ ಬಣ್ಣದಲ್ಲಿ ಹಾಗೆಯೇ ಕುಳಿತಿತ್ತು. ಗಾಡಿ ಮುಳುಗಿತ್ತೋ ಇಲ್ಲವೋ ನಾನರಿಯೆ; ಆದರೆ ಈ ದೋಷವನ್ನು ಮಾಡಿದ್ದು ನೀರಲ್ಲ. ತೂಕಗಳನ್ನು ಹಿಡಿದಿದ್ದ ಎರಡು ಸ್ಪ್ರಿಂಗುಗಳು ಕಂಪನಿಯವಾಗಿರಲಿಲ್ಲ. ದಪ್ಪ ತಂತಿಯಿಂದ ಕೈಯಲ್ಲಿ ಸುತ್ತಿದವು. ಸುತ್ತುಗಳು ಒಂದಕ್ಕೊಂದು ಅಂಟಿ ಕುಳಿತಂತೆ ಸಮವಾಗಿದ್ದವು. ತುದಿಯ ಕೊಂಡಿಗಳು ಎರಡು ಮಡಿಕೆಯಾಗಿ ಒಳಕ್ಕೆ ಬಾಗಿದ್ದವು. ಅಂಥ ಕೊಂಡಿಯನ್ನು ನಾನು ಕಂಡಿದ್ದದ್ದು ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳಲ್ಲಿ ಮಾತ್ರ. ದಿನವಿಡೀ ಲಾಳಿಯ ಹೊಡೆತ ತಿಂದರೂ ಬಿಚ್ಚಿಕೊಳ್ಳದಿರಲೆಂದು ಅಲ್ಲಿಯವರು ಹಾಗೆ ಬಾಗಿಸುತ್ತಾರೆ.

"ನಿಮ್ಮ ಮಾವ ಈ ಗಾಡಿ ಎಲ್ಲಿಂದ ತಂದಿದ್ದ?"

"ಬನಹಟ್ಟ್ಯಾಗಿಂದರಿ. ಯಾರೋ ಮಗ್ಗದ ಜಾಬರ್ ಕಡೆಯಿಂದ."

ಮಗ್ಗಗಳ ರಿಪೇರಿ ನೋಡಿಕೊಳ್ಳುವವನನ್ನು ಅಲ್ಲಿ ಜಾಬರ್ ಎನ್ನುತ್ತಾರೆ. ಸ್ಪ್ರಿಂಗುಗಳನ್ನು ತಿರುಗಿ ಕೂರಿಸಿ, ಸಮತಟ್ಟು ರಸ್ತೆಯಲ್ಲಿ ಹೇಗೋ ಓಡುವ ಗಾಡಿಯಲ್ಲೇ ಇಬ್ಬರೂ ಬನಹಟ್ಟಿಗೆ ಹೋಗಿ ಆ ಜಾಬರನನ್ನು ಹುಡುಕಿದೆವು. ಆತ ನನಗಿಂತಲೂ ಹಿರಿಯ. ಕೆಲಸ ಬಿಟ್ಟಿದ್ದರೂ ಮಗ್ಗಗಳ ಸದ್ದಿನ ನಡುವೆಯೇ, ಮಗನ ಕಾರ್ಖಾನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತಿದ್ದ. ಗಾಡಿಯಿಂದ ಮತ್ತೆ ಬಿಚ್ಚಿದ ಸ್ಪ್ರಿಂಗುಗಳನ್ನು ಅಂಗೈಯಲ್ಲಿಟ್ಟೊಡನೆ ಗುರುತಿಸಿದ. ಆ ಗದ್ದಲದಲ್ಲೂ ಕೇಳುವ ದನಿ ತೆಗೆದ.

"ನನ್ನ ಸ್ಪ್ರಿಂಗ ಬಿಚ್ಚಿದಂವ ಯಾಂವಲೇ?"

"ನಾನ ಬಿಚ್ಚೇನಿ."

"ಬಿಚ್ಚಾಕ ಬಂತು, ತಿರುಗಿ ಹಾಕಾಕ ಬರವಲ್ದಂತ ಓಡಿ ಬಂದೀ ಏನು?"

"ಹಾಕಾಕ ಬರತೈತಿ. ಇಂಥಾ ಬಿರುಸಿನ್ವು ಯಾಕ ಹಾಕಿದ್ದಿ ಅಂತ ಕೇಳಾಕ ಬಂದೇನಿ. ಇವು ತೂಕ ತೆರಿಯಾಕ ಬಿಡೂದ ಇಲ್ಲ."

"ಬಿಡಬಾರದಂತನ ಹಾಕಿದ್ದು!" ಎಂದು ಆತ ತೊಡೆ ತಟ್ಟಿದ. "ಆವಾಗ ನಾವು ಪೆಟ್ರೋಲ ಎಲ್ಲಿ ಹಾಕತಿದ್ವಿ? ಅರ್ಧಕ್ಕರ್ಧ ಸೀಮಿಎಣ್ಣಿ. ಹಿಂದ ಸೀರಿ ಗಂಟು. ಏರಿಗಿ ಬಂತಂದ್ರ ಎಂಜಿನ್ ಒಳಗ ಟಣ್ ಟಣ್ ಟಣ್ ಅಂತ ಹೊಡಕೋತಿತ್ತು. ಕಿಡಿ ಜಲ್ದಿ ಹಾರತೈತಿ ಅದಕ್ಕ ಅಂತ ಸ್ಪ್ರಿಂಗ ಬಿರುಸು ಮಾಡಿದೆ. ಸಪ್ಪಳ ಹೋತು. ನನ್ನ ಗಾಡಿ ಹಾಡಿಕೋತ ಹೋಗತಿತ್ತು."

ನಾನು ತಪ್ಪೆಂದು ಬಗೆದು ಹೊತ್ತು ತಂದದ್ದು ತಪ್ಪಾಗಿರಲಿಲ್ಲ. ಬೇರೊಂದು ಎಣ್ಣೆಗೆ ಬೇರೊಬ್ಬ ಕಂಡುಕೊಂಡ ಉತ್ತರವಾಗಿತ್ತು. ಸೀಮೆಎಣ್ಣೆ ಬೆರೆತ ಪೆಟ್ರೋಲು ಬೇಗ ಸಿಡಿಯುತ್ತದೆ, ಅದಕ್ಕೆ ಕಿಡಿ ತಡವಾಗಿಯೇ ಹಾರಬೇಕು. ಈ ಮನುಷ್ಯ ಕಿವಿಯಿಂದ ಕೇಳಿ, ಕಾರಣವನ್ನು ಊಹಿಸಿ, ಮದ್ದನ್ನು ಮಗ್ಗದಿಂದ ತೆಗೆದಿದ್ದ. ಆಮೇಲೆ ಗಾಡಿ ಕೈ ಬದಲಿಸಿತು, ಸೀಮೆಎಣ್ಣೆ ನಿಂತಿತು, ಸ್ಪ್ರಿಂಗು ಉಳಿಯಿತು. ಎಳೆಯುತ್ತಿಲ್ಲವೆಂದು ಯಾರೋ ಕಿಡಿಯನ್ನು ಮುಂದಕ್ಕೆ ತಿರುಗಿಸಿದರು, ಗಾಡಿ ಒದೆಯತೊಡಗಿತು, ಅದಕ್ಕೆ ಹಿನ್ನೀರಿನ ಹೆಸರು ಬಂತು. ಕಥೆ ಚೆನ್ನಾಗಿ ಕೂಡಿ ಬಂದಿತ್ತು. ಹಾಗೆ ಕೂಡಿ ಬಂದುದರಿಂದಲೇ ನನಗೆ ಅದರ ಮೇಲೂ ಸಂಶಯವಿತ್ತು.

"ಖರೆ ಅಂತ ಹೆಂಗ ನಂಬಲಿ? ಪರೀಕ್ಷಾ ಮಾಡಬೇಕು," ಎಂದೆ.

"ಮಾಡಪಾ! ನಾ ಬ್ಯಾಡಂದೆನೇನು?" ಆತನಿಗೆ ಖುಷಿಯಾಗಿತ್ತು.

ಸಹಾಯಕ ಮಾತ್ರ ಆಕಾಶ ನೋಡುತ್ತಿದ್ದ. "ಕಾಕಾ, ಅಲ್ಲಿ ಮ್ವಾಡ ಕೂಡಾಕತ್ತಾವ, ನೀವಿಬ್ಬರೂ ಇಲ್ಲಿ ಪರೀಕ್ಷಾ ಬರ್ಯಾಕತ್ತೀರಿ!"

ಅವನು ಹೇಳಿದ್ದು ಸರಿಯಾಗಿತ್ತು. ಮೊದಲು ಹೊಸ ಸ್ಪ್ರಿಂಗು ಆಗಬೇಕಿತ್ತು. ಬೆಳಗಾವಿಗೋ ಹುಬ್ಬಳ್ಳಿಗೋ ಹೇಳಿ ಕಳಿಸಿ ತರಿಸುವಷ್ಟು ವ್ಯವಧಾನವಿರಲಿಲ್ಲ. ಜಾಬರ್ ಒಳಗಿನಿಂದ ಬೇರೆ ಬೇರೆ ದಪ್ಪದ ಉಕ್ಕಿನ ತಂತಿಗಳನ್ನು ತಂದ. ಮೊಳೆಯೊಂದನ್ನು ಕೈ ಡ್ರಿಲ್ಲಿಗೆ ಕಚ್ಚಿಸಿ, ತಂತಿಯ ತುದಿಯನ್ನು ಎಡಗೈಯಲ್ಲಿ ಬಿಗಿ ಹಿಡಿದು, ಬಲಗೈಯಲ್ಲಿ ಹಿಡಿಕೆ ತಿರುವುತ್ತ ಸುತ್ತಿದ. ಸುತ್ತು ಸುತ್ತಿನ ನಡುವೆ ಕೂದಲೂ ತೂರುವಂತಿರಲಿಲ್ಲ. ಯಂತ್ರಗಳು ಮಾಡಿದ ಹಲವು ಸ್ಪ್ರಿಂಗುಗಳನ್ನು ಬಿಚ್ಚಿ ಹಾಕಿದ್ದ ನಾನು, ಅಂಥ ಸುತ್ತನ್ನು ನೋಡಿದ್ದು ಕಡಿಮೆ.

ಮೊದಲ ಜೋಡಿ ಬಿರುಸಾಯಿತು. ಗಾಡಿ ಎಳೆದರೂ ಮಂಕಾಗಿ ಎಳೆಯಿತು. ಎರಡನೆಯದು ತೀರ ಮೆತ್ತಗಾಗಿ, ನಿಂತಲ್ಲೇ ತೂಕಗಳು ತೆರೆದುಕೊಂಡು, ಎಂಜಿನ್ನು ಒಂದೇ ಸದ್ದಿನಲ್ಲಿ ನಿಲ್ಲದೆ ಏರಿಳಿಯಿತು. ಮೂರನೆಯದರ ದಪ್ಪದ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಿತ್ತು. ಹಾಕುವ ರೀತಿಯ ಬಗ್ಗೆ ಇರಲಿಲ್ಲ.

"ಎರಡೂ ಬಿಗಿ ಹಾಕಬ್ಯಾಡ. ಒಂದು ಬಿಗಿ ಇರಲಿ, ಒಂದರ ಕೊಂಡಿ ಸಡಿಲ ಬಿಡು," ಎಂದ ಜಾಬರ್.

"ತೂಕ ಎರಡು, ಸ್ಪ್ರಿಂಗ ಎರಡು. ಎರಡೂ ಸಮ ಇರಬೇಕು."

"ಯಾರ ಹೇಳ್ಯಾರ ಸಮ ಇರಬೇಕಂತ? ಮೊದಲ ಒಂದು ಹಿಡೀಲಿ. ಗಾಡಿ ಜೋರ ಆದಮ್ಯಾಗ ಎರಡನೇದು ಕೈ ಹಚ್ಚತೈತಿ. ನೀ ಮದಿವ್ಯಾಗ ಅಡಿಗಿ ಮಾಡೂವಾಗ ಊರ ಮಂದೀನೆಲ್ಲಾ ಮುಂಜಾನೇನ ಕರೀತಿಯೇನು?"

ಯಾರು ಹೇಳಿದ್ದಾರೆಂಬ ಪ್ರಶ್ನೆ ನನ್ನದಾಗಬೇಕಿತ್ತು. ಪುಸ್ತಕದ ಚಿತ್ರದಲ್ಲಿ ಎರಡೂ ಸಮವಾಗಿ ಕಂಡದ್ದನ್ನು ನಾನು ನಿಯಮವೆಂದು ಓದಿಕೊಂಡಿದ್ದೆ. ಅಲ್ಲಿ ಹಾಗೆಂದು ಬರೆದಿರಲಿಲ್ಲ. ಎರಡೂ ರೀತಿ ಹಾಕಿ ಓಡಿಸಿದೆವು. ಸಮವಾಗಿ ಬಿಗಿದಾಗ ಗಾಡಿ ಹೊರಡುವಾಗಲೇ ಹಿಂಜರಿಯಿತು. ಒಂದನ್ನು ಸಡಿಲ ಬಿಟ್ಟಾಗ, ಎಕ್ಸಿಲರೇಟರು ತಿರುವಿದಷ್ಟೂ ಎಲ್ಲೂ ತಡವರಿಸದೆ ಏರುತ್ತ ಹೋಯಿತು. ಆ ಮೇಲೆ, ನನ್ನ ಹಟಕ್ಕೆ, ಪೆಟ್ರೋಲಿನ ಟಾಕಿಗೆ ತುಸು ಸೀಮೆಎಣ್ಣೆ ಬೆರೆಸಿ ಏರೊಂದನ್ನು ಹತ್ತಿಸಿದೆವು. ಎಂಜಿನ್ನಿನೊಳಗಿಂದ ಸ್ಪಷ್ಟವಾಗಿ ಕೇಳಿಸಿತು: ಟಣ್ ಟಣ್ ಟಣ್. ಹಳೆಯ ಸ್ಪ್ರಿಂಗು ಹಾಕಿ ಅದೇ ಏರಿಗೆ ಬಂದಾಗ ಸದ್ದಿಲ್ಲ. ಮರಳಿ ಬಂದು ಹೇಳಿದಾಗ ಜಾಬರ್, "ಇಷ್ಟು ವರ್ಷದ ಮ್ಯಾಗ ಒಬ್ಬಾಂವ ಕೇಳಾಕರೆ ಬಂದ," ಎಂದಷ್ಟೇ ಹೇಳಿ ಚಹಾ ತರಿಸಿದ. ಟಾಕಿಯನ್ನು ಬರಿದು ಮಾಡಿ ಹೊಸ ಸ್ಪ್ರಿಂಗುಗಳನ್ನು ಕೂರಿಸಿಕೊಂಡು, ಒಳ್ಳೆಯ ಪೆಟ್ರೋಲು ತುಂಬಿಸಿ ಹೊರಟೆವು.

ಶೆಡ್ಡಿಗೆ ಬಂದ ಮೇಲೆ ನಿರ್ಧಾರವೊಂದು ಉಳಿದಿತ್ತು. ಪುಸ್ತಕದ ಅಂಕಿಗೆ, ಅಂದರೆ ಕಿಕ್ ಹೊಡೆಯುವಾಗಿನ ತುದಿಗೆ, ಕಿಡಿಯನ್ನು ಹೊಂದಿಸಬೇಕೇ? ತೂಕಗಳು ತಿರುಗುವ ಗೂಟಗಳು ಸವೆದಿದ್ದವು. ಒಂದು ತುದಿ ಪುಸ್ತಕದಂತಿದ್ದರೆ ಇನ್ನೊಂದು ತುದಿಯೂ ಸರಿಯಾಗಿರುತ್ತದೆಂಬ ಭರವಸೆಯಿರಲಿಲ್ಲ. ಏರಿನಲ್ಲಿ ಬೇಕಾದದ್ದು ಆ ಇನ್ನೊಂದು ತುದಿ. ನಾನು ತೂಕಗಳ ನಡುವೆ ಚಕ್ಕೆ ಸಿಕ್ಕಿಸಿ ಪೂರ್ತಿ ತೆರೆದೆ. ಮುಖ್ಯೋಪಾಧ್ಯಾಯರ ಗಾಡಿಯಿಂದ ಕಡ್ಡಿಯ ಮೇಲೆ ಎಳೆದುಕೊಂಡಿದ್ದ ಗೆರೆಗೆ ಸರಿಯಾಗಿ ಬಲ್ಬು ಹೊತ್ತುವಂತೆ ಮಾಡಿ ಬಿಗಿದೆ. ಆ ಮೇಲೆ ಚಕ್ಕೆ ತೆಗೆದು ನೋಡಿದರೆ, ಕಿಕ್ಕಿನ ತುದಿಯಲ್ಲಿ ಕಿಡಿ ಪುಸ್ತಕದ ಅಂಕಿಗಿಂತ ಕೂದಲೆಳೆಯಷ್ಟು ಮುಂದಿತ್ತು. ಅಷ್ಟು ಸಾಕೋ, ಒದೆಯುತ್ತದೋ ಎಂಬುದನ್ನು ಹೇಳಬಲ್ಲದ್ದು ಕಾಲು ಮಾತ್ರ.

ಸಹಾಯಕ ಕಿಕ್ಕಿನ ಕಡೆ ಬಂದ. ನಾನು ಅವನನ್ನು ಸರಿಸಿದೆ.

"ಬ್ಯಾಡ್ರಿ ಕಾಕಾ. ನಿಮಗೇನರ ಆದ್ರ ಕಾಕಿ ನನ್ನ ಮನಿಗಿ ಬಂದು ಬೈತಾಳ."

"ಒಮ್ಮೆ ಬಾತ ಕಾಲು ನಿಂದು. ಅಳತಿ ನಂದು, ಒದಿ ತಿನ್ನೂ ಸರದೀನೂ ನಂದು."

ಕಿಕ್ಕನ್ನು ಮೆಲ್ಲಗೆ ಒತ್ತಿ, ಪಿಸ್ಟನ್ನು ತುದಿ ದಾಟಿಸಿ, ಪೂರ್ತಿ ಭಾರ ಹಾಕಿ ತುಳಿದೆ. ಗಾಡಿ ಸ್ಟಾರ್ಟಾಯಿತು. ಆರಿಸಿ ಮತ್ತೆ ತುಳಿದೆ, ಮತ್ತೆ ಆಯಿತು. ಎಂಜಿನ್ನು ಬಿಸಿಯಾದ ಮೇಲೆ ಇನ್ನೊಮ್ಮೆ ತುಳಿದೆ. ಒದೆಯಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹಿಂದೆ ಕುಳಿತೆ. ಕೆಟ್ಟರೆ ದಾರಿಯಲ್ಲೇ ನೋಡಬೇಕೆಂಬುದು ನೆಪ. ಏರನ್ನು ನಾನೇ ಕೇಳಬೇಕಿತ್ತು. ರೈತರು ತಾವೇ ನಿಂತು ಕಟ್ಟಿಕೊಂಡ ಬ್ಯಾರೇಜನ್ನು ದಾಟಿ ಗಾಡಿ ಆಚೆ ದಂಡೆಯ ಏರಿಗೆ ತಲೆ ಹಾಕಿತು. ಸಹಾಯಕ ಗೇರು ಇಳಿಸಲು ಕಾಲು ಎತ್ತಿದ. ಇಳಿಸುವ ಅಗತ್ಯ ಬೀಳಲಿಲ್ಲ, ಕಾಲನ್ನು ಹಾಗೆಯೇ ಇಳಿಸಿದ. ಮೇಲೆ ಬಂದ ಮೇಲೆ ಅವನು ಒಮ್ಮೆ ಬಗ್ಗಿ ಕೊಳವೆಯನ್ನು ನೋಡಿದ. ಹೊಸ ನೀಲಿ ಬಂದಿರಲಿಲ್ಲ.

ಎರೆಹೊಲದ ಅಂಚಿನಲ್ಲಿ ಅವನ ಅಣ್ಣ ಕಂಬಳಿ ಹೆಗಲಿಗೆ ಹಾಕಿ ನಿಂತಿದ್ದ. ನೇರವಾಗಿ ಬಂದು ಡಬ್ಬಿಯ ಮುಚ್ಚಳ ತೆಗೆದು ಮಂಜಿನೊಳಗೆ ಕೈಯಿಟ್ಟ. ಬಹಳ ಹೊತ್ತು ಇಟ್ಟುಕೊಂಡಿದ್ದ.

"ಇನ್ನೂ ಕಲ್ಲಿನಂಗ ಐತಿ," ಎಂದ. ಆಮೇಲೆ ನನ್ನತ್ತ ತಿರುಗಿ, "ಮಿಸ್ತ್ರಿ ಏನ್ರಿ ನೀವು? ಗಾಡಿ ಆತು. ಬರ್ರಿ, ಈಗ ಕುರಿ ಹಿಡಿಯೂನು."

ಆ ದಿನ ನಾನು ಕುರಿ ಹಿಡಿದೆ. ಹಿಂಗಾಲು ಎತ್ತಿ ಹಿಡಿಯುವುದನ್ನು ಆತ ಕಲಿಸಿದ. ನಾನು ತಪ್ಪಿ ಹಿಡಿದಾಗಲೆಲ್ಲ ಮೂರು ಹಿಂಡಿನವರೂ ಕೂಡಿ ನಕ್ಕರು. ಸಹಾಯಕ ಒಂದೊಂದು ಕುರಿಯ ತೊಡೆಯ ಚರ್ಮವನ್ನು ಚಿವುಟಿ ಎತ್ತಿ ಸೂಜಿ ಹಾಕುತ್ತ ಹೋದ. ಅವನ ಕೈ ಎಲ್ಲೂ ಅವಸರಪಡಲಿಲ್ಲ.

ಇನ್ನು ಮಳೆ ಕೆಲವು ದಿನ ತಡೆಯಬೇಕಿತ್ತು. ಅದು ಯಾರ ಕೈಯಲ್ಲೂ ಇರಲಿಲ್ಲ. ಮೋಡಗಳು ಬಂದವು, ಹೋದವು, ಮತ್ತೆ ಬಂದವು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಆಕಾಶ ನೋಡುವುದನ್ನು ಕಲಿತೆ. ಕೊನೆಗೊಮ್ಮೆ ಸುರಿಯಿತು. ಅದಾದ ಎಷ್ಟೋ ದಿನ ಸಹಾಯಕ ನನ್ನ ಕಡೆ ಸುಳಿಯಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ ಎಂದರೂ ಸರಿಯೇ.

ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಆ ಗಾಡಿ ನಿಧಾನವಾಯಿತು. ಅವನು ಇಳಿಯಲಿಲ್ಲ, ಎಂಜಿನ್ನು ಆರಿಸಲಿಲ್ಲ. ಅದರ ಸದ್ದಿನ ಮೇಲಿಂದ ಕೂಗಿದ:

"ಕಾಕಾ! ಆಚಿ ದಂಡ್ಯಾಗ ಹುಲ್ಲು ಮೊಣಕಾಲಮಟ ಬಂದೈತ್ರಿ. ಕುರಿ ಎಲ್ಲಾ ಮೇಯಾಕತ್ತಾವ, ಒಂದೂ ಬಿದ್ದಿಲ್ಲ!"